ರಕ್ತದಾನಕ್ಕೂ ಲೆಕ್ಕವಿರಲಿ

ವಿಶ್ವ ರಕ್ತದಾನಿಗಳ ದಿನವೆಂದು ಜೂನ್ 14ರಂದೇ ಎಲ್ಲರೂ ರಕ್ತ ಕೊಟ್ಟರೆ ಏನಾಗುತ್ತದೆ? ಶೇಖರಿಸಿಟ್ಟ ಕೆಂಪು ರಕ್ತಕಣಗಳು ಹೆಚ್ಚೆಂದರೆ 42 ದಿನ ಉಳಿಯುತ್ತವೆ; ಜುಲೈ 26ಕ್ಕೆ ದಾಸ್ತಾನು ಖಾಲಿ. ಅದೇ ಪುರುಷರು ಮತ್ತೆ ಕೊಡಬಹುದಾದದ್ದು 90 ದಿನಗಳ ಬಳಿಕ, ಸೆಪ್ಟೆಂಬರ್ 12ಕ್ಕೆ. ಮಹಿಳೆಯರಾದರೆ 120 ದಿನ ಕಾಯಬೇಕು. ನಡುವಿನ ಏಳು ವಾರ, ಹೆರಿಗೆಯಲ್ಲಿ ರಕ್ತಸ್ರಾವವಾದ ಗುಂಡ್ಲುಪೇಟೆಯ ತಾಯಿಗೆ, ಸಿಕಲ್ ಸೆಲ್ ರೋಗವಿರುವ ಚಾಮರಾಜನಗರದ ಸೋಲಿಗರ ಮಗುವಿಗೆ ರಕ್ತ ಎಲ್ಲಿಂದ ಬರಬೇಕು?

2016ರಲ್ಲಿ ಬಂದ ಕೇಂದ್ರ ಸರ್ಕಾರದ ಇ-ರಕ್ತಕೋಶ ಇಂದಿನ ದಾಸ್ತಾನು ತೋರಿಸುತ್ತದೆ. ಮುಂದಿನ ತಿಂಗಳ ಬೇಡಿಕೆಯನ್ನು ಅಂದಾಜಿಸಲು ಹಿಂದಿನ ವರ್ಷಗಳ ಹೆರಿಗೆ, ಅಪಘಾತ, ಡೆಂಗಿ ಪ್ರಕರಣಗಳನ್ನು ರಕ್ತದ ಗುಂಪಿನ ಪ್ರಕಾರ ಕಂಪ್ಯೂಟರಿನಲ್ಲಿ ತಾಳೆ ಹಾಕಬೇಕು. ಆದರೆ ಲೆಕ್ಕದಿಂದ ರಕ್ತ ಹುಟ್ಟದು. ಇನ್ನು ಮುಂದೆ ಶಿಬಿರದ ದಿನಾಂಕವನ್ನು ರಕ್ತನಿಧಿಯವರನ್ನು ಕೇಳಿಯೇ ಗೊತ್ತುಪಡಿಸೋಣ.