ಬಯಲಿನಲ್ಲಿ ಹರಿಶ್ಚಂದ್ರ

ಚಲನಚಿತ್ರ ನೋಡುವುದಕ್ಕೆ ನಾಲ್ಕು ಗೋಡೆ, ಮೇಲೊಂದು ಸೂರು, ಕೆಳಗೊಂದು ಮೆತ್ತನೆಯ ಆಸನ ಇವಿಷ್ಟೂ ಇರಲೇಬೇಕೆಂದು ನಂಬಿದವರಲ್ಲಿ ನಾನೂ ಒಬ್ಬನಾಗಿದ್ದೆ. ಆ ನಂಬಿಕೆ ಈ ಬೇಸಗೆಯಲ್ಲಿ ಸಡಿಲವಾಯಿತು. ಏಪ್ರಿಲ್ ೨೪ ಡಾ. ರಾಜ್‌ಕುಮಾರ್ ಅವರ ಜನ್ಮದಿನವಷ್ಟೆ. ಮಂಡ್ಯ ಜಿಲ್ಲೆಯ ಪುಟ್ಟ ಗ್ರಾಮವೊಂದು ನನ್ನ ತಾಯಿಯ ತವರು. ಅಲ್ಲಿಯ ತರುಣರು ಆ ರಾತ್ರಿ ಶಾಲೆಯ ಮುಂದಿನ ಬಯಲಿನಲ್ಲಿ 'ಸತ್ಯ ಹರಿಶ್ಚಂದ್ರ'ವನ್ನು ತೋರಿಸುವುದೆಂದು ನಿಶ್ಚಯಿಸಿದ್ದರು. ರಜೆಯೆಂದು ಹೆಂಡತಿ ಮಕ್ಕಳೊಡನೆ ಸೋದರಮಾವನ ಮನೆಗೆ ಹೋಗಿದ್ದ ನನಗೆ ಅದನ್ನು ತಪ್ಪಿಸಿಕೊಳ್ಳುವ ಮಾರ್ಗವೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಅದು ನನಗೆ ಬಹು ಮೆಚ್ಚಿನ ಚಿತ್ರ. ಆದರೆ ಅದನ್ನು ನಾನು ಇಡಿಯಾಗಿ ನೋಡಿದ್ದೆನೆಂದು ಹೇಳಲಾರೆ. ದೂರದರ್ಶನದ ಪೆಟ್ಟಿಗೆಯಲ್ಲಿ, ಸಾಬೂನಿನ ಜಾಹೀರಾತಿಗೂ ಚಹದ ಜಾಹೀರಾತಿಗೂ ನಡುವೆ, ತುಂಡು ತುಂಡಾಗಿ ಎಷ್ಟೋ ಸಲ ನೋಡಿದ್ದೆ. ಹರಿಶ್ಚಂದ್ರನು ರಾಜ್ಯವನ್ನು ಕಳೆದುಕೊಳ್ಳುವಾಗ ಅಡಿಗೆಮನೆಯಿಂದ ಕರೆ ಬರುವುದು. ಹಿಂದಿರುಗಿ ಬರುವಷ್ಟರಲ್ಲಿ ಆತ ಕಾಶಿಯಲ್ಲಿರುವುದು. ಇತ್ತ ತರಗತಿಯಲ್ಲಿ ಪ್ರತಿವರ್ಷವೂ ರಾಘವಾಂಕನ 'ಹರಿಶ್ಚಂದ್ರಕಾವ್ಯ'ವನ್ನು ಬೋಧಿಸುವುದು ನನ್ನ ಉದ್ಯೋಗ. ವಾರ್ಧಕ ಷಟ್ಪದಿಯ ಲಕ್ಷಣವನ್ನು ಹಲಗೆಯ ಮೇಲೆ ಬರೆದು, ಮಾತ್ರೆಗಳನ್ನು ಎಣಿಸಿ, 'ಸತ್ಯನಿಷ್ಠೆಯೇ ಈ ಕಾವ್ಯದ ಜೀವಾಳ' ಎಂದು ಟಿಪ್ಪಣಿ ಬರೆಸಿ ಮುಗಿಸುತ್ತೇನೆ. ಗಂಟೆ ಬಾರಿಸುತ್ತದೆ. ಸತ್ಯವೂ ನಾನೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತೇವೆ.

ನಮ್ಮ ದೇಶದ ಚಲನಚಿತ್ರಕ್ಕೂ ಈ ಅರಸನಿಗೂ ಹಳೆಯ ನಂಟು. ದಾದಾಸಾಹೇಬ್ ಫಾಲ್ಕೆಯವರು ೧೯೧೩ರಲ್ಲಿ ತಮ್ಮ ಮೊದಲ ಕಥಾಚಿತ್ರಕ್ಕೆ ಆರಿಸಿಕೊಂಡದ್ದು ಹರಿಶ್ಚಂದ್ರನ ಕಥೆಯನ್ನೇ. ಸ್ತ್ರೀಯರು ಅಭಿನಯಿಸಲು ಮುಂದೆ ಬಾರದಿದ್ದುದರಿಂದ ರಾಣಿಯ ಪಾತ್ರವನ್ನು ಅದರಲ್ಲಿ ಪುರುಷನೊಬ್ಬನೇ ವಹಿಸಿದ. ಕನ್ನಡದಲ್ಲಿ ೧೯೪೩ರಲ್ಲಿ ಆರ್. ನಾಗೇಂದ್ರರಾಯರ ನಿರ್ದೇಶನದಲ್ಲಿ ಸುಬ್ಬಯ್ಯನಾಯ್ಡು ಹರಿಶ್ಚಂದ್ರರಾದರು. ಅನಂತರ ೧೯೬೫ರಲ್ಲಿ ಬಂದದ್ದು ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಈ ಚಿತ್ರ. ಅದೇ ವರ್ಷ ತೆಲುಗಿನಲ್ಲಿಯೂ ಇದೇ ಕಥೆ ತೆರೆಗೆ ಬಂದಿತು, ಅಲ್ಲಿ ಎನ್. ಟಿ. ರಾಮರಾಯರು, ಇಲ್ಲಿ ರಾಜ್‌ಕುಮಾರ್. ಪಂಡರಿಬಾಯಿಯವರ ಚಂದ್ರಮತಿ, ಉದಯಕುಮಾರರ ವಿಶ್ವಾಮಿತ್ರ, ನರಸಿಂಹರಾಜರ ನಕ್ಷತ್ರಿಕ, ಎಂ. ಪಿ. ಶಂಕರರ ವೀರಬಾಹು: ಈ ಪಾತ್ರಗಳಿಗೆ ಬೇರೆ ಮುಖಗಳನ್ನು ಊಹಿಸುವುದು ಕನ್ನಡಿಗರಿಗೆ ಇಂದಿಗೂ ಕಷ್ಟ. ೨೦೦೮ರಲ್ಲಿ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಯಾವುದನ್ನು ತೋರಿಸುವುದೆಂದು ಊರಿನಲ್ಲಿ ಸಣ್ಣ ಚರ್ಚೆಯೇ ನಡೆಯಿತು. "ನಾವು ಕಂಡ ಹರಿಶ್ಚಂದ್ರ ಕಪ್ಪು ಬಿಳುಪಿನವನು, ಅವನೇ ಬರಲಿ" ಎಂದು ಹಿರಿಯರು ತೀರ್ಪಿತ್ತರು.

ಆ ಹಿರಿಯರಲ್ಲಿ ನನ್ನ ಮಾವ ಮುಖ್ಯರು. ಚಿತ್ರ ಬಂದ ಕಾಲಕ್ಕೆ ಅವರಿಗೆ ಹನ್ನೆರಡು ವರ್ಷ. ಸಮೀಪದ ಊರಿನಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕಿದ್ದರಂತೆ. ಸಂಜೆ ಘಂಟಸಾಲರ ಕಂಠದ ವೆಂಕಟೇಶ್ವರಸ್ತುತಿ ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಆಟಕ್ಕೆ ಹೊತ್ತಾಯಿತೆಂದು ಅರ್ಥ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಊರಿನ ದೊಡ್ಡವರಿಗೆ ಕುರ್ಚಿ. ಮಾವ ನಾಲ್ಕಾಣೆಯ ನೆಲದ ಗಿರಾಕಿ. ರಾತ್ರಿ ಮೇಷ್ಟರ ಮನೆಯಲ್ಲಿ ಪಾಠವಿದೆಯೆಂದು ಅಜ್ಜನಿಗೆ ಹೇಳಿ, ನಾಲ್ಕು ಮೈಲಿ ನಡೆದು ಹೋದರಂತೆ. "ಸತ್ಯ ಹರಿಶ್ಚಂದ್ರನನ್ನು ನೋಡುವುದಕ್ಕೆ ಸುಳ್ಳು ಹೇಳಿ ಹೋದವನು ನಾನೊಬ್ಬನೇ ಅಲ್ಲ ಕಣಪ್ಪ, ಡೇರೆಯ ತುಂಬ ಅಂಥವರೇ ಇದ್ದರು" ಎಂದು ಅವರು ನಕ್ಕರು.

ಈ ಮಾವನ ಮನೆಯಲ್ಲಿಯೇ ಮೂರು ವರ್ಷವಿದ್ದು ನಾನು ಪ್ರೌಢಶಾಲೆ ಮುಗಿಸಿದೆ. ನನ್ನ ಶುಲ್ಕ ಕಟ್ಟಿದವರು ಅವರು. ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ವೈದ್ಯರಲ್ಲಿಗೆ ಓಡಿದವರು ಅವರು. ಅಂಥವರು ಈ ಸಲ ನನ್ನನ್ನು ಅಳಿಯನಿಗಿಂತ ಹೆಚ್ಚಾಗಿ ಅತಿಥಿಯಂತೆ ಉಪಚರಿಸುತ್ತಿದ್ದರು. ಬೆಳಗ್ಗೆ ಎಳನೀರು, ಮಧ್ಯಾಹ್ನ ಒಬ್ಬಟ್ಟು. ಅವರ ಮಗಳ ಮಗ ನಮ್ಮ ಕಾಲೇಜಿನಲ್ಲಿ, ನನ್ನ ತರಗತಿಯಲ್ಲಿಯೇ ಓದುತ್ತಾನೆ. ಆಂತರಿಕ ಅಂಕಗಳ ಪಟ್ಟಿಯನ್ನು ನಾನು ಇನ್ನೂ ಕಾಲೇಜಿಗೆ ಒಪ್ಪಿಸಿರಲಿಲ್ಲ. ಅದು ನನ್ನ ಚೀಲದಲ್ಲಿ, ಮಕ್ಕಳ ಬಟ್ಟೆಗಳ ನಡುವೆ ಇತ್ತು. ಈ ಎರಡು ಸಂಗತಿಗಳಿಗೂ ಒಬ್ಬಟ್ಟಿಗೂ ಸಂಬಂಧವುಂಟೆಂದು ಊಹಿಸುವುದಕ್ಕೆ ಎಂ.ಎ. ಪದವಿ ಬೇಕಾಗಿರಲಿಲ್ಲ.

ರಾತ್ರಿ ಎಂಟಕ್ಕೆ ಎಲ್ಲರೂ ಚಾಪೆ, ಕಂಬಳಿ, ಹುರಿದ ಕಡಲೆಕಾಯಿ, ನೀರಿನ ತಂಬಿಗೆಗಳೊಡನೆ ಬಯಲಿಗೆ ಹೋದೆವು. ಹಗಲೆಲ್ಲ ಕಾದ ನೆಲ ಚಾಪೆಯ ಕೆಳಗೆ ಇನ್ನೂ ಬೆಚ್ಚಗಿತ್ತು. ಎರಡು ಗಳುಗಳ ನಡುವೆ ಬಿಳಿಯ ಬಟ್ಟೆಯನ್ನು ಬಿಗಿದಿದ್ದರು. ಮುಂದೆ ಸ್ಥಳ ಸಾಲದೆ ಕೆಲವರು ಪರದೆಯ ಹಿಂಭಾಗದಲ್ಲಿ ಕುಳಿತರು. ಅವರಿಗೆ ಎಲ್ಲವೂ ತಿರುವುಮುರುವು. ಅವರ ಹರಿಶ್ಚಂದ್ರ ಎಡಗೈಯಿಂದಲೇ ದಾನ ಮಾಡಿದ. ನನ್ನ ಚಿಕ್ಕ ಮಗ ಸ್ವಲ್ಪ ಹೊತ್ತು ಈಚೆ, ಸ್ವಲ್ಪ ಹೊತ್ತು ಆಚೆ ಓಡಾಡಿ, "ಆ ಕಡೆಯೂ ಇದೇ ಕಥೆ ಅಪ್ಪ" ಎಂದು ವರದಿ ಒಪ್ಪಿಸಿದ.

ಗಾಳಿ ಬೀಸಿದಾಗಲೆಲ್ಲ ಪರದೆ ಉಬ್ಬುತ್ತಿತ್ತು. ವಿಶ್ವಾಮಿತ್ರರ ಕೋಪ ಮಿತಿಮೀರಿದ ಗಳಿಗೆಗೆ ಸರಿಯಾಗಿ ಅವರ ಕೆನ್ನೆಯೂ ಉಬ್ಬಿ, ಜನ ಗೊಳ್ಳೆಂದು ನಕ್ಕರು. ಚಿತ್ರಮಂದಿರದಲ್ಲಿ ಮಾತನಾಡಿದರೆ ಪಕ್ಕದವರು ದುರುಗುಟ್ಟುತ್ತಾರೆ. ಇಲ್ಲಿ ಮಾತನಾಡದವನೇ ಅಪರಾಧಿ. ಋಷಿಯು ರಾಜ್ಯವನ್ನೆಲ್ಲ ಕಿತ್ತುಕೊಂಡು ದಕ್ಷಿಣೆಯ ಸಾಲವನ್ನೂ ಹೊರಿಸಿದಾಗ ನಮ್ಮ ಹಿಂದಿದ್ದ ಅಜ್ಜಿಯೊಬ್ಬರು, "ಇವನ ಮನೆ ಹಾಳಾಗ!" ಎಂದು ಗಟ್ಟಿಯಾಗಿ ಶಪಿಸಿದರು. "ಋಷಿಗೆ ಎಲ್ಲೈತಜ್ಜಿ ಮನೆ?" ಎಂದು ಕತ್ತಲೆಯೊಳಗಿಂದ ಹುಡುಗನೊಬ್ಬ ಕೇಳಿದ. ನಕ್ಷತ್ರಿಕನು ಸಾಲ ವಸೂಲಿಗೆ ಬೆನ್ನುಹತ್ತಿದಾಗ ನಗೆ ಇನ್ನೂ ಜೋರಾಯಿತು. ಸಾಲಗಾರನ ಪಾಡನ್ನು ಆ ಬಯಲಿನಲ್ಲಿ ಕುಳಿತಿದ್ದ ಬೇಸಾಯಗಾರರಿಗೆ ಯಾವ ವಿಮರ್ಶಕನೂ ವಿವರಿಸಬೇಕಾಗಿರಲಿಲ್ಲ.

ವೀರಬಾಹು ಕಾಣಿಸಿಕೊಂಡು ಕುಲದ ವಿಚಾರವಾಗಿ ಹಾಡತೊಡಗಿದಾಗ ನಗೆ ನಿಂತಿತು. ಆ ಹಾಡಿಗೂ ಘಂಟಸಾಲರದೇ ಕಂಠ. ಪ್ರೇಕ್ಷಕರಲ್ಲಿ ಹಲವರು ಒಳಗೊಳಗೇ ದನಿಗೂಡಿಸಿದರು. ಕಾವ್ಯದಲ್ಲಿ, ತನ್ನನ್ನು ವರಿಸೆಂದು ಬಂದ ಗಾಯಕಿಯರನ್ನು ಕುಲದ ನೆವವೊಡ್ಡಿ ತಿರಸ್ಕರಿಸಿದ ಅರಸನೇ ಮುಂದೆ ಸುಡುಗಾಡಿನ ಒಡೆಯನ ಆಳಾಗಿ ಕೈಕಟ್ಟಿ ನಿಲ್ಲುತ್ತಾನೆ. ಇದನ್ನು ನಾನು 'ವಿಧಿವಿಲಾಸ' ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತಿದ್ದೆ. ಊರಿನ ಎಲ್ಲ ಕೇರಿಯವರೂ ಒಂದೇ ಬಯಲಿನಲ್ಲಿ ಕುಳಿತು ಆ ಹಾಡನ್ನು ಕೇಳುತ್ತಿದ್ದ ರಾತ್ರಿ ಆ ಪದ ನನಗೆ ಬಹಳ ಅಗ್ಗವಾಗಿ ಕಂಡಿತು.

ಲೋಹಿತಾಶ್ವನನ್ನು ಹಾವು ಕಚ್ಚಿತು. ಮಗನ ಶವವನ್ನು ಹೊತ್ತು ಚಂದ್ರಮತಿ ಒಬ್ಬಳೇ ಸುಡುಗಾಡಿಗೆ ಬಂದಳು. ಪರದೆಯ ಮೇಲಣ ಇರುಳಿಗೂ ಬಯಲಿನ ಇರುಳಿಗೂ ನಡುವೆ ಗೆರೆಯೇ ಉಳಿಯಲಿಲ್ಲ. ಪಂಡರಿಬಾಯಿಯವರ ಅಳು ಗೋಡೆಗೆ ಬಡಿದು ಹಿಂದಿರುಗುವಂತಿಲ್ಲ. ಹಾಗೆಯೇ ಕೆರೆಯ ಏರಿಯನ್ನು ದಾಟಿ ಹೋಗುತ್ತಿತ್ತು. ದೂರದಲ್ಲಿ ಮಳೆಯಿಲ್ಲದ ಮಿಂಚು. ಕಾವಲುಗಾರ ಎದ್ದು ಬಂದ. ಅಷ್ಟರಲ್ಲಿ ವಿದ್ಯುತ್ತು ಹೋಯಿತು.

ಯಾರೂ ಏಳಲಿಲ್ಲ. "ಈಗ ಬರುತ್ತೆ, ಕೂತ್ಕೊಳಿ" ಎಂದು ಯಾರೋ ಕೂಗಿದರು. ಆ ಕತ್ತಲೆಯಲ್ಲಿ ಮಾವ ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕೈಗಿತ್ತು, ಮೆಲ್ಲನೆ ಮಾತಿಗಾರಂಭಿಸಿದರು:

"ಹುಡುಗ ಸ್ವಲ್ಪ ಉಡಾಳನಾಗಿದ್ದಾನೆ, ಒಪ್ಪುತ್ತೇನೆ. ಒಂದು ವರ್ಷ ಹೋದರೆ ಅವನ ಅಮ್ಮ ತಡೆದುಕೊಳ್ಳಲಾರಳು. ಐದಾರು ಅಂಕ ನಿನ್ನ ಕೈಯಲ್ಲೇ ಇದೆಯಂತಲ್ಲ?"

ಹುಡುಗ ಬರೆದು ಒಪ್ಪಿಸಬೇಕಾಗಿದ್ದ ಎರಡು ಪ್ರಬಂಧಗಳಲ್ಲಿ ಒಂದನ್ನೂ ಒಪ್ಪಿಸಿರಲಿಲ್ಲ. ಅದನ್ನು ನಾನು ಹೇಳಬಹುದಿತ್ತು. ಬದಲಾಗಿ, "ನೋಡೋಣ ಮಾವ" ಎಂದೆ.

ವಾಚಕರೇ, ನಮ್ಮ ನುಡಿಯಲ್ಲಿ 'ನೋಡೋಣ' ಎಂಬುದಕ್ಕಿಂತ ಸುಲಭವಾದ ಸುಳ್ಳು ಇನ್ನೊಂದಿಲ್ಲ. ಅದರಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಹೇಳಿದವನಿಗೆ ಪಾಪವಿಲ್ಲ, ಕೇಳಿದವನಿಗೆ ಆಸೆ ತಪ್ಪಿಲ್ಲ. ಮಾವ ಸಮಾಧಾನದಿಂದ ನಿಟ್ಟುಸಿರುಬಿಟ್ಟರು.

ದೀಪ ಬಂದಿತು. ಯಂತ್ರವನ್ನು ಮತ್ತೆ ಹೂಡಿದರು. ಕಾವಲುಗಾರನು ಆ ತಾಯಿಯೊಡನೆ ಸುಡುಗಾಡಿನ ತೆರೆಯನ್ನು ಕೇಳಿದ. ಅನಂತರ ಅವಳು ಯಾರೆಂದು ತಿಳಿಯಿತು. ಮಡಿಲಲ್ಲಿರುವ ಶವ ಯಾರದೆಂದೂ ತಿಳಿಯಿತು. ಆದರೂ ತೆರೆ ಬಿಡುವಂತಿಲ್ಲ. ಅದು ಅವನ ಸ್ವತ್ತಲ್ಲ, ಒಡೆಯನದು.

ಈ ಸನ್ನಿವೇಶವನ್ನು ನಾನು ಎಷ್ಟು ಸಲ ಓದಿಸಿದ್ದೇನೆ! ಪಕ್ಕದಲ್ಲಿ ಕುಳಿತವರ ಕಡಲೆಕಾಯಿಯನ್ನು ತಿನ್ನುತ್ತ, ಅವರ ಕಂಬಳಿಯ ಮೇಲೆ ಕುಳಿತು ನೋಡಿದ್ದು ಮಾತ್ರ ಇದೇ ಮೊದಲು. ಋಷಿಗೆ ರಾಜ್ಯವನ್ನು ಕೊಟ್ಟಾಗ ಹರಿಶ್ಚಂದ್ರನ ಹಿಂದೆ ಆಸ್ಥಾನವಿತ್ತು, ಪ್ರಜೆಗಳ ಕಣ್ಣೀರಿತ್ತು, ಕೀರ್ತಿಯಿತ್ತು. ಪರರ ಮುಂದೆ ಸತ್ಯವಂತನಾಗಿರುವುದು ಅಷ್ಟೊಂದು ದುಬಾರಿಯಲ್ಲ. ಅದಕ್ಕೆ ಚಪ್ಪಾಳೆಯಾದರೂ ದೊರೆಯುತ್ತದೆ. ನಿಜವಾದ ತೆರೆಯನ್ನು ತೆರಬೇಕಾದದ್ದು ತನ್ನವರ ಮುಂದೆ, ನೋಡುವವರಿಲ್ಲದ ಕತ್ತಲೆಯಲ್ಲಿ. ಗಾಂಧೀಜಿಯವರು ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ, ಎಲ್ಲರೂ ಅವನಂತೆ ಏಕಾಗಬಾರದೆಂದು ಹಗಲಿರುಳೂ ಚಿಂತಿಸಿದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಏಕಾಗುವುದಿಲ್ಲವೆಂಬುದು ನನಗೆ ಅಂದು ಸ್ವಲ್ಪ ಅರ್ಥವಾಯಿತು. ನಮಗೆಲ್ಲ ಮಾವಂದಿರಿದ್ದಾರೆ. ಅವರು ಕೆಟ್ಟವರಲ್ಲ, ನಮಗಾಗಿ ಶುಲ್ಕ ಕಟ್ಟಿದವರು.

ತಿರುಗಿ ನೋಡಿದೆ. ಮಾವ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹನ್ನೆರಡು ವರ್ಷದ ಹುಡುಗ ಡೇರೆಯಲ್ಲಿ ಅತ್ತಂತೆಯೇ, ಸಂಕೋಚವಿಲ್ಲದೆ, ಬಿಕ್ಕಿ ಬಿಕ್ಕಿ ಅತ್ತರು. ಆ ಅಳು ಕಪಟವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನು ಮಾವ ಆ ಮಾತನ್ನು ಎತ್ತಲಾರರೆಂದು ನಾನು ತಿಳಿದಿದ್ದೆ. ಮರುದಿನ ಬೆಳಗ್ಗೆ ಬಸ್ಸಿಗೆ ಕಾಯುತ್ತ ಅರಳಿಯ ಕಟ್ಟೆಯ ಮೇಲೆ ಕುಳಿತಿದ್ದಾಗ, "ಹುಡುಗನ ವಿಷಯ ಮರೆಯಬೇಡಪ್ಪ" ಎಂದರು. ಕಲೆಯ ಪ್ರಭಾವವನ್ನು ಕುರಿತು ನಾನು ಬರೆದಿರುವ ಟಿಪ್ಪಣಿಗಳನ್ನೆಲ್ಲ ಒಮ್ಮೆ ತಿದ್ದಬೇಕಾಗಿದೆ.

ಹಗಲಿನ ಬೆಳಕಿನಲ್ಲಿ 'ನೋಡೋಣ' ಎನ್ನುವುದಕ್ಕೆ ನಾಲಗೆ ಏಳಲಿಲ್ಲ. "ಆಗುವುದಿಲ್ಲ ಮಾವ. ಅವನು ಏನನ್ನೂ ಬರೆದುಕೊಟ್ಟಿಲ್ಲ. ರಜೆಯಲ್ಲಿ ನನ್ನ ಮನೆಯಲ್ಲಿ ಬಂದಿರಲಿ, ಪರೀಕ್ಷೆಗೆ ನಾನೇ ಓದಿಸುತ್ತೇನೆ. ಅಂಕವನ್ನು ಮಾತ್ರ ಕೇಳಬೇಡಿ" ಎಂದೆ. ನನ್ನ ಸ್ವರ ನಡುಗುತ್ತಿತ್ತು. ಆ ಸ್ವರದಲ್ಲಿ ಹರಿಶ್ಚಂದ್ರನ ಪಾತ್ರವನ್ನು ಯಾವ ನಾಟಕ ಮಂಡಳಿಯವರೂ ನನಗೆ ಕೊಡುತ್ತಿರಲಿಲ್ಲ.

ಮಾವ ಬಹಳ ಹೊತ್ತು ರಸ್ತೆಯನ್ನೇ ನೋಡಿದರು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಎದ್ದು, "ಹಾಗಾದರೆ ನೀನೂ ಹೋಗಿ ಸುಡುಗಾಡು ಕಾಯಿ" ಎಂದರು. ಕೋಪವೋ ವಿನೋದವೋ ತಿಳಿಯಲಿಲ್ಲ. ಆದರೂ ಮಾವಿನಕಾಯಿಯ ಚೀಲವನ್ನು ಅವರೇ ಎತ್ತಿ ಬಸ್ಸಿನೊಳಗಿಟ್ಟರು.

ಪಟ್ಟಿಯನ್ನು ಇದ್ದಂತೆಯೇ ಒಪ್ಪಿಸಿದೆ. ಪ್ರತಿ ಭಾನುವಾರವೂ ತಪ್ಪದೆ ಬರುತ್ತಿದ್ದ ಮಾವನ ದೂರವಾಣಿಯ ಕರೆ ಮೂರು ವಾರಗಳಿಂದ ಬಂದಿಲ್ಲ. ಅವರು ಈ ಪತ್ರಿಕೆಯ ಬಹುಕಾಲದ ಓದುಗರು; ಮೊದಲು ಧಾರಾವಾಹಿ, ಅನಂತರ ಈ ಪುಟ. ಕಥೆಯಲ್ಲಿ ಕತ್ತಿಯನ್ನೆತ್ತಿದ ಕ್ಷಣವೇ ಶಿವನು ಪ್ರತ್ಯಕ್ಷನಾದನು. ನಾನು ಅಷ್ಟೊಂದನ್ನು ಬಯಸುವವನಲ್ಲ. ಮಾವನ ಕರೆ ಬಂದರೆ ಸಾಕು.