ಕಾಶಿನಾಥ ನಾಯ್ಕರ ಪಾಲು

2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ 87.58 ಮೀಟರ್ ದೂರ ಜಾವೆಲಿನ್ ಎಸೆದು ಚಿನ್ನ ಗೆದ್ದ ಬೆನ್ನಿಗೇ ಕರ್ನಾಟಕ ಸರ್ಕಾರ 10 ಲಕ್ಷ ರೂಪಾಯಿಯ ಬಹುಮಾನವೊಂದನ್ನು ಘೋಷಿಸಿತು. ಅದು ನೀರಜ್‌ಗೆ ಹಿಂದೆ ತರಬೇತಿ ಕೊಟ್ಟಿದ್ದ ಶಿರಸಿ ಸೀಮೆಯ ಕಾಶಿನಾಥ ನಾಯ್ಕರಿಗೆ ಸಲ್ಲಬೇಕಾದ ಬಹುಮಾನ. ಊರವರ ಸಂಭ್ರಮ ಮುಗಿಯುವ ಮೊದಲೇ, ಭಾರತ ಅಥ್ಲೆಟಿಕ್ಸ್ ಫೆಡರೇಷನ್ನಿನ ಅಂದಿನ ಅಧ್ಯಕ್ಷ ಆದಿಲ್ ಸುಮರಿವಾಲಾ ಅಂಥ ಕೋಚ್ ಯಾರೆಂದು ತಮಗೆ ಗೊತ್ತಿಲ್ಲ ಎಂದುಬಿಟ್ಟರು. ರಾಷ್ಟ್ರೀಯ ಶಿಬಿರದಲ್ಲಿ ನೀರಜ್‌ಗೆ ತಾವು ಕಲಿಸಿದ್ದು ನಿಜ ಎಂದು ನಾಯ್ಕರೇ ಮುಂದೆ ಬಂದು ಹೇಳಬೇಕಾಯಿತು.

ಗೊತ್ತಿಲ್ಲ ಎನ್ನಿಸಿಕೊಳ್ಳುವಂಥ ಹೆಸರೇನೂ ಅದಲ್ಲ. 2010ರ ದಿಲ್ಲಿ ಕಾಮನ್‌ವೆಲ್ತ್ ಕೂಟದಲ್ಲಿ ಸೇನೆಯ ಈ ಆಟಗಾರ 74.29 ಮೀಟರ್ ಎಸೆದು ಕಂಚು ಗೆದ್ದಿದ್ದರು. ಚಿನ್ನ ಗೆದ್ದ ಆಸ್ಟ್ರೇಲಿಯದ ಜರೋಡ್ ಬ್ಯಾನಿಸ್ಟರ್ ಎಸೆದದ್ದು 81.71 ಮೀಟರ್. ಅಂತರ ದೊಡ್ಡದೇ. ಆದರೂ ಆ ಕೂಟದ ಜಾವೆಲಿನ್‌ನಲ್ಲಿ ಭಾರತಕ್ಕೆ ದಕ್ಕಿದ ಮೊದಲ ಪದಕ ಅದು. ನೀರಜ್ ಆಗ ಪಾಣಿಪತ್ ಸಮೀಪದ ಹಳ್ಳಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗ.

ನೀರಜ್‌ಗೆ ಕಲಿಸಿದವರು ಒಬ್ಬಿಬ್ಬರಲ್ಲ. ಪಾಣಿಪತ್ತಿನಲ್ಲಿ ಮೊದಲು ಜಾವೆಲಿನ್ ಹಿಡಿಸಿದವರು ಜೈವೀರ್. 2016ರಲ್ಲಿ ಪೋಲೆಂಡಿನ ಬಿಡ್ಗೋಷ್‌ನಲ್ಲಿ 86.48 ಮೀಟರ್ ಎಸೆದು ಕಿರಿಯರ ವಿಶ್ವದಾಖಲೆ ಮಾಡಿದಾಗ ಜೊತೆಗಿದ್ದವರು ಆಸ್ಟ್ರೇಲಿಯದ ಗ್ಯಾರಿ ಕ್ಯಾಲ್ವರ್ಟ್. ಆಮೇಲೆ ಬಂದವರು ಜರ್ಮನಿಯ ಊವೆ ಹೋನ್. 1984ರಲ್ಲಿ 104.80 ಮೀಟರ್ ಎಸೆದು ಮೈದಾನಗಳೇ ಸಾಲದಂತೆ ಮಾಡಿದವರು ಅವರು. 1986ರಲ್ಲಿ ಪುರುಷರ ಜಾವೆಲಿನ್ನಿನ ಗುರುತ್ವ ಕೇಂದ್ರವನ್ನು ಮುಂದಕ್ಕೆ ಸರಿಸಿ ಹೊಸ ವಿನ್ಯಾಸ ತಂದದ್ದರ ಹಿಂದೆ ಅಂಥ ಎಸೆತಗಳ ಭಯವಿತ್ತು. ಟೋಕಿಯೊ ಹೊತ್ತಿಗೆ ಪಕ್ಕದಲ್ಲಿದ್ದವರು ಕ್ಲಾಸ್ ಬಾರ್ಟೊನಿಟ್ಜ್. ಇಷ್ಟು ಜನರ ನಡುವೆ ನಾಯ್ಕರ ಪಾಲೆಷ್ಟು? ಎಸೆತವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ಕ್ರೀಡೆಯಲ್ಲಿ ಇದನ್ನು ಅಳೆಯುವ ಟೇಪ್ ಯಾರ ಬಳಿಯೂ ಇಲ್ಲ.

ಕೋಚ್ ಮಾಡುವ ಕೆಲಸ ಹೊರಗಿನವರ ಕಣ್ಣಿಗೆ ಬೀಳದಷ್ಟು ಸೂಕ್ಷ್ಮ. 800 ಗ್ರಾಂ ತೂಕದ ಭರ್ಜಿ ತೋಳಬಲದಿಂದಲೇ ದೂರ ಹೋಗುತ್ತದೆಂದು ನೋಡುಗರು ನಂಬುತ್ತಾರೆ. ಬಲಗೈ ಎಸೆತಗಾರನ ಓಟದ ವೇಗವೆಲ್ಲ ಕೊನೆಯ ಹೆಜ್ಜೆಯಲ್ಲಿ ನೆಲಕ್ಕೆ ಬಿಗಿಯಾಗಿ ಊರಿದ ಎಡಗಾಲಿಗೆ ತಡೆದು, ಸೊಂಟ, ಎದೆ, ಭುಜಗಳನ್ನು ದಾಟಿ ಕೈಗೆ ಬರುತ್ತದೆ. ಎಲ್ಲಕ್ಕಿಂತ ಕೊನೆಗೆ ಚಲಿಸುವುದು ಕೈ. ಎಡಗಾಲಿನ ಮಂಡಿ ಆ ಗಳಿಗೆಯಲ್ಲಿ ತುಸು ಬಾಗಿದರೂ ಮೀಟರುಗಳು ಸೋರಿಹೋಗುತ್ತವೆ. ಮೊಣಕೈ ಕೆಳಗಿಳಿದರೆ ಕೀಲಿಗೇ ಅಪಾಯ. 2019ರಲ್ಲಿ ನೀರಜ್ ಕೂಡ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ತಪ್ಪನ್ನು ಹಿಡಿಯುವುದರಲ್ಲಿ, ಸ್ವತಃ ಆ ನೋವು ತಿಂದವನ ಕಣ್ಣು ಹೆಚ್ಚು ಚುರುಕು.

ಪುಣೆಯ ಸೇನಾ ಕ್ರೀಡಾ ಸಂಸ್ಥೆಯಲ್ಲಿ ನಾಯ್ಕರ ಕೈಯಲ್ಲಿ ಪಳಗಿದವರಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಡಿ.ಪಿ. ಮನು ಒಬ್ಬರು. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನೀರಜ್ ಚಿನ್ನ ಗೆದ್ದರೆ ಕಿಶೋರ್ ಜೇನಾ ಐದನೆಯವರಾದರು, ಮನು 84.14 ಮೀಟರ್ ಎಸೆದು ಆರನೆಯವರಾದರು. ದಿಲ್ಲಿಯಲ್ಲಿ ಗುರು ಎಸೆದದ್ದಕ್ಕಿಂತ ಹತ್ತಿರ ಹತ್ತಿರ ಹತ್ತು ಮೀಟರ್ ಮುಂದೆ. ಮರುವರ್ಷ ಅದೇ ಮನು ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಾಲ್ಕು ವರ್ಷದ ನಿಷೇಧಕ್ಕೆ ಒಳಗಾದರು. ಶಿಷ್ಯ ಗೆದ್ದಾಗ ಗುರುವನ್ನು ಮರೆತು, ಬಿದ್ದಾಗ ಮಾತ್ರ ಗುರುವಿನ ಕಡೆ ಬೆರಳು ತೋರುವುದು ಅನ್ಯಾಯ.

ಮೈಸೂರಿನಲ್ಲಿ ಹುಟ್ಟಿದ ಡಿಸ್ಕಸ್ ಪಟು ವಿಕಾಸ್ ಗೌಡರಿಗೆ ಗುರುವಿನ ಪಾಲಿನ ಗೊಂದಲ ಬರಲಿಲ್ಲ. 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದ ಅವರಿಗೆ ತಂದೆ ಶಿವೇಗೌಡರೇ ಕೋಚ್. ಮನೆಯಲ್ಲೇ ಗುರು ಇದ್ದಾಗ ಪಾಲಿನ ಪ್ರಶ್ನೆ ಏಳುವುದಿಲ್ಲ. ಎಲ್ಲರಿಗೂ ಆ ಭಾಗ್ಯವಿಲ್ಲ.

ಗುರುಗಳ ಲೆಕ್ಕ ಇಡುವುದು ಹೇಗೆಂದು ಸಂಗೀತ ಬಲ್ಲ ಹುಬ್ಬಳ್ಳಿ-ಧಾರವಾಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಯಕ ಭೀಮಸೇನ ಜೋಶಿಯವರು ಗುರುವನ್ನರಸಿ ಗ್ವಾಲಿಯರ್, ಜಲಂಧರ್ ಎಂದು ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ನೆಲೆನಿಂತರು. ಅವರ ಕೀರ್ತಿಯ ಬಹುಪಾಲು ಸವಾಯಿ ಗಂಧರ್ವರಿಗೇ ಸಲ್ಲುತ್ತದೆ. ಹಾಗೆಂದು ಬಾಲ್ಯದಲ್ಲಿ ಅವರಿಗೆ ಸ್ವರ ಹಚ್ಚಿಕೊಟ್ಟ ಕುರ್ತಕೋಟಿಯ ಚನ್ನಪ್ಪನವರನ್ನು ಯಾರೂ ಕೈಬಿಟ್ಟಿಲ್ಲ. ಜೋಶಿಯವರ ಜೀವನಕಥೆ ಹೇಳುವವರೆಲ್ಲ ಆ ಹೆಸರಿನಿಂದಲೇ ಶುರು ಮಾಡುತ್ತಾರೆ. ದೊಡ್ಡ ಗುರುವಿನ ಮಾನ ಅದರಿಂದ ಎಳ್ಳಷ್ಟೂ ಕಡಿಮೆಯಾಗಿಲ್ಲ. ಕ್ರೀಡೆಗೆ ಈ ರೂಢಿ ಏಕೆ ಬರಬಾರದು?

ದಾರಿ ಕಷ್ಟದ್ದೇನಲ್ಲ. ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲೋ ಹುಬ್ಬಳ್ಳಿಯ ನೆಹರೂ ಮೈದಾನದಲ್ಲೋ ಕೂಟ ನಡೆಯುವಾಗ ಎಸೆತಗಾರರ ಪ್ರವೇಶಪತ್ರದಲ್ಲಿ ಆ ವರ್ಷ ಕಲಿಸಿದವರ ಹೆಸರನ್ನು ತಪ್ಪದೆ ಬರೆಸಿಕೊಳ್ಳಬೇಕು. ಶಿಬಿರ ನಡೆಸುವವರೂ ವರ್ಷವರ್ಷದ ಪಟ್ಟಿಯನ್ನು ಜೋಪಾನವಾಗಿಟ್ಟು ಸಾರ್ವಜನಿಕರಿಗೆ ತೆರೆದಿಡಬೇಕು. ಸರ್ಕಾರ ಬಹುಮಾನ ಕೊಡುವಾಗ ಆ ಪಟ್ಟಿಯನ್ನು ಮೊದಲ ಹಾಳೆಯಿಂದ ಓದಲಿ. ಆ ಹಾಳೆಯಲ್ಲಿರುವುದು ಬಹುಮಟ್ಟಿಗೆ ಹಳ್ಳಿ ಶಾಲೆಯ ಪಿ.ಟಿ. ಮಾಸ್ತರರ ಹೆಸರು. ಪಾಲು ಹಂಚುವ ಕೆಲಸ ಅವರಿಂದ ಶುರುವಾದರೆ ನಾಯ್ಕರಂಥವರ ಸರದಿಯೂ ತಾನಾಗಿ ಬರುತ್ತದೆ.