ಮೌನವೆಲ್ಲ ಹಯಾ ಅಲ್ಲ

ಬೆಳಗಾವಿಯ ಉರ್ದು ಶಾಲೆಗಳಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಅನೇಕರು ಎಂಟನೆಯ ತರಗತಿಗೆ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಗೆ ಸೇರುತ್ತಾರೆ. ಸುಮಾರು 25 ಕಿಲೋಮೀಟರ್ ದೂರದ ಖಾನಾಪುರದಿಂದ ದಿನವೂ ನಗರಕ್ಕೆ ಬಂದು ಕಲಿಯುವವರೂ ಇದ್ದಾರೆ. ಅಲ್ಲಿಯವರೆಗೆ ಉತ್ಸಾಹದಿಂದ ಕೈಯೆತ್ತುತ್ತಿದ್ದ ಮಗು ಜೂನ್ ತಿಂಗಳಲ್ಲಿ ಹಠಾತ್ತನೆ ಕೊನೆಯ ಬೆಂಚು ಹಿಡಿಯುತ್ತದೆ. ಹಾಜರಿ ಕರೆದಾಗ ಅದರ ಧ್ವನಿ ಕೇಳಿಸುವುದಿಲ್ಲ. ಬುತ್ತಿಯನ್ನು ಒಂಟಿಯಾಗಿ ಬಿಚ್ಚುತ್ತದೆ. ಶಾಲೆಯಲ್ಲಿ ಅದನ್ನು ದಡ್ಡ ಎನ್ನುತ್ತಾರೆ. ಮನೆಯಲ್ಲಿ ಸಂಭಾವಿತ, ಯಾರ ತಂಟೆಗೂ ಹೋಗುವುದಿಲ್ಲ ಎಂದು ಹೆಮ್ಮೆಪಡುತ್ತಾರೆ. ಎರಡೂ ಅವಸರದ ತೀರ್ಪುಗಳು.

ಈ ಗಡಿನಾಡಿನ ಮುಸ್ಲಿಮ್ ಮಗುವಿಗೆ ಮನೆಯಲ್ಲಿ ದಖನಿ, ಪುಸ್ತಕದಲ್ಲಿ ಗ್ರಾಂಥಿಕ ಉರ್ದು, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ. ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಬುದ್ಧಿಯಿಲ್ಲ ಎನ್ನುವುದು ಅನ್ಯಾಯ. ತಪ್ಪು ಮಾತಾಡಿದರೆ ನಕ್ಕಾರೆಂಬ ಭಯ ಅದರ ಬಾಯಿ ಕಟ್ಟಿದೆ. ಭಾಷೆಯ ಹೆಸರಿನಲ್ಲಿ ಇಲ್ಲಿ ದಶಕಗಳ ಕಾಲ ರಾಜಕೀಯ ನಡೆದಿದೆ. 2012ರಲ್ಲಿ ಸುವರ್ಣ ವಿಧಾನಸೌಧವೂ ಉದ್ಘಾಟನೆಗೊಂಡಿತು. ಆದರೆ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವ ಮಗುವಿನ ಪಾಡು ಯಾವ ಪಕ್ಷದ ಪ್ರಣಾಳಿಕೆಯ ವಿಷಯವೂ ಆಗಲಿಲ್ಲ. ಶಾಲಾರಂಭದ ಸೇತುಬಂಧ ಹಿಂದಿನ ಪಾಠವನ್ನು ನೆನಪಿಸುತ್ತದೆ. ಮಾಧ್ಯಮ ಬದಲಿಸಿದ ಮಗುವಿಗೆ ಅಷ್ಟು ಸಾಲದು. 2022ರ ಫೆಬ್ರವರಿಯ ಸರಕಾರಿ ಆದೇಶದ ಬಳಿಕ ರಾಜ್ಯದ ಹಲವೆಡೆ ಶಿರವಸ್ತ್ರದ ಕಾರಣಕ್ಕೆ ಗೇಟಿನಲ್ಲಿ ತಡೆಯಲ್ಪಟ್ಟ ಹೆಣ್ಣುಮಕ್ಕಳನ್ನೂ ನಾವು ಮರೆಯಲಾಗದು. ಸಹಪಾಠಿಗಳ ಕಣ್ಣೆದುರು ಅವಮಾನಕ್ಕೊಳಗಾದ ಬಾಲಕಿಯ ಮೌನಕ್ಕೆ ಅವಳ ಸ್ವಭಾವವನ್ನು ದೂರುವುದು ಸರಿಯೇ?

ಆದರೆ ಎಲ್ಲ ಹೊಣೆಯನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಹಯಾ ಈಮಾನಿನ ಭಾಗವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ಮಾತನ್ನು ನಾವು ಮಕ್ಕಳ ಬಾಯಿಗೆ ಬೀಗವಾಗಿ ಮಾಡಿಕೊಂಡಿದ್ದೇವೆ. ಹಯಾ ಮನುಷ್ಯನನ್ನು ಕೆಡುಕಿನಿಂದ ತಡೆಯುತ್ತದೆ. ಭಯವಾದರೋ ಒಳಿತಿನಿಂದಲೂ ತಡೆಯುತ್ತದೆ. ಮುಸ್ಲಿಮನನ್ನು ಹೋಲುವ, ಎಲೆ ಉದುರದ ಮರ ಯಾವುದೆಂದು ಪ್ರವಾದಿ(ಸ) ಒಮ್ಮೆ ಸಂಗಾತಿಗಳನ್ನು ಕೇಳಿದರು. ಅದು ಖರ್ಜೂರದ ಮರವೆಂದು ಎಳೆಯ ಅಬ್ದುಲ್ಲಾ ಬಿನ್ ಉಮರ್‌(ರ)ರಿಗೆ ಹೊಳೆದಿತ್ತು. ಹಿರಿಯರೆಲ್ಲ ಸುಮ್ಮನಿರುವುದನ್ನು ಕಂಡು ಅವರು ಸಂಕೋಚದಿಂದ ಬಾಯಿ ತೆರೆಯಲಿಲ್ಲ. ಆ ಬಳಿಕ ವಿಷಯ ತಿಳಿದ ತಂದೆ ಉಮರ್‌(ರ), ಭೇಷ್, ಹಿರಿಯರ ಮುಂದೆ ಬಾಯಿಬಿಡಲಿಲ್ಲ ಎಂದು ಹೊಗಳಿದರೇ? ಇಲ್ಲ. ನೀನು ಹೇಳಿದ್ದರೆ ನನಗೆ ಎಷ್ಟೋ ಸಂಪತ್ತಿಗಿಂತ ಪ್ರಿಯವಾಗುತ್ತಿತ್ತು ಎಂಬ ಭಾವದಲ್ಲಿ ಮಾತಾಡಿದರು. ಬುಖಾರಿಯಲ್ಲಿರುವ ಈ ಪ್ರಸಂಗವನ್ನು ಪ್ರತಿಯೊಬ್ಬ ತಂದೆಯೂ ಓದಬೇಕು.

ಫಿರ್‌ಔನನ ಬಳಿಗೆ ಹೋಗಬೇಕೆಂದು ಆಜ್ಞೆಯಾದಾಗ ಮೂಸಾ(ಅ) ತನ್ನ ನಾಲಗೆಯ ತೊಡಕನ್ನು ಬಿಡಿಸಬೇಕೆಂದೂ ಸಹೋದರ ಹಾರೂನ್‌(ಅ)ರನ್ನು ಜೊತೆಗೆ ಕೊಡಬೇಕೆಂದೂ ಪ್ರಾರ್ಥಿಸಿದ್ದನ್ನು ಪವಿತ್ರ ಕುರ್‌ಆನಿನ ತಾಹಾ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಾಹನು ಅವರನ್ನು ಗದರಲಿಲ್ಲ, ಜೊತೆಗಾರನನ್ನು ಕೊಟ್ಟನು. ಪ್ರವಾದಿಗೇ ಒಬ್ಬ ಜೊತೆಗಾರ ಬೇಕಾಗಿದ್ದರೆ, ಹನ್ನೆರಡು ವರ್ಷದ ಮಗುವಿಗೆ ಬೇಡವೇ?

ಇನ್ನು ನಮ್ಮ ಮಕ್ತಬ್‌ಗಳ ವಿಷಯ. ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮಗು ನಿರ್ಭೀತಿಯಿಂದ ಅಭಿಪ್ರಾಯ ಹೇಳುವಂತಾಗಬೇಕೆಂದು 29ನೆಯ ಕಲಂ ಬಯಸುತ್ತದೆ. 2012ರ ತಿದ್ದುಪಡಿಯು ಮದ್ರಸಗಳನ್ನು ಈ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಕಾಯ್ದೆ ವಿನಾಯಿತಿ ಕೊಟ್ಟಿತೆಂದು ಕರುಣೆಯೂ ವಿನಾಯಿತಿ ಕೊಟ್ಟಿದೆಯೇ? ಸಾಕಿದ ಪುಟ್ಟ ಹಕ್ಕಿ ಸತ್ತು ದುಃಖಿಸುತ್ತಿದ್ದ ಬಾಲಕ ಅಬೂ ಉಮೈರ್‌ನನ್ನು ಹಕ್ಕಿಯ ಕುರಿತೇ ಮಾತಾಡಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಬೆತ್ತ ಹಿಡಿದು ಸಬಕ್ ಒಪ್ಪಿಸಿಕೊಂಡ ಉಸ್ತಾದರ ಮುಂದೆ ಮಗು ಪಾಠ ಒಪ್ಪಿಸೀತು, ಮನಸ್ಸು ಬಿಚ್ಚಲಾರದು.

ಹಾಗಾದರೆ ಮಾಡಬೇಕಾದುದೇನು? ಅಂಜುವ ಮಗುವನ್ನು ಒಮ್ಮೆಲೇ ವೇದಿಕೆಗೆ ತಳ್ಳಬೇಡಿ. ಒಬ್ಬ ಗೆಳೆಯನಿಂದ ಆರಂಭಿಸಿ. ಸಹಪಾಠಿಯೊಬ್ಬನನ್ನು, ಅವನು ಯಾವ ಧರ್ಮದವನೇ ಆಗಿರಲಿ, ರಜಾದಿನದಲ್ಲಿ ಮನೆಗೆ ಕರೆದು ಉಣಬಡಿಸಿ. ಅಂಗಡಿಯಲ್ಲಿ ಸಾಮಾನು ಕೇಳುವ, ಬಸ್ಸಿನಲ್ಲಿ ಟಿಕೆಟ್ ಪಡೆಯುವ ಕೆಲಸವನ್ನು ಮಗುವಿಗೇ ಬಿಡಿ. ಅದರ ಪರವಾಗಿ ನೀವೇ ಉತ್ತರಿಸಬೇಡಿ. ನೆಂಟರ ಮುಂದೆ ಇವನಿಗೆ ಬಹಳ ನಾಚಿಕೆ ಎಂದು ಹೆಸರಿಡಬೇಡಿ. ಅಕ್ಕನೊಂದಿಗೋ ತಮ್ಮನೊಂದಿಗೋ ಹೋಲಿಸಬೇಡಿ. ನಾಳೆ ಕೇಳುವ ಪ್ರಶ್ನೆಯನ್ನು ಇಂದೇ ತಿಳಿಸಿ, ಮೃದು ಸ್ವಭಾವದ ಮಗುವಿನ ಪಕ್ಕದಲ್ಲಿ ಕೂರಿಸುವುದು ಶಿಕ್ಷಕರಿಗೆ ಕಷ್ಟವೇನಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ನಮ್ಮ ಪಾಲಕರು ತಪ್ಪದೇ ಹೋಗಿ ಈ ವಿಷಯವನ್ನೆತ್ತಲಿ. ಮಸೀದಿ ಕಮಿಟಿಗಳು ವಾರದಲ್ಲಿ ಎರಡು ದಿನ ಅಸರ್ ಬಳಿಕ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಮಕ್ಕಳಿಂದ ಕನ್ನಡ ಪತ್ರಿಕೆ ಓದಿಸಲಿ, ಕನ್ನಡದಲ್ಲಿ ಮಾತಾಡಿಸಲಿ. ಹೆಣ್ಣುಮಕ್ಕಳಿಗೂ ಇಂತಹದೇ ಏರ್ಪಾಡು ಇರಲಿ.

ಕೆಲವು ಮಕ್ಕಳು ಸ್ವಭಾವತಃ ಮಿತಭಾಷಿಗಳು. ಒಬ್ಬಿಬ್ಬರು ಗೆಳೆಯರಲ್ಲೇ ಸಂತೋಷವಾಗಿರುತ್ತಾರೆ. ಅವರನ್ನು ತಿದ್ದುವ ಅಗತ್ಯವಿಲ್ಲ. ಮಾತಾಡಬೇಕೆಂದಿದ್ದೂ ಮಾತಾಡಲಾಗದ ಮಗುವಿಗೆ ನೆರವು ಬೇಕು. ಕಿವಿ, ಕಣ್ಣುಗಳನ್ನು ಮೊದಲು ಪರೀಕ್ಷಿಸಿ. ಕೇಳಿಸದ ಮಗುವೂ ಸುಮ್ಮನಿರುತ್ತದೆ. ಮನೆಯಲ್ಲಿ ಹರಟುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ ತಾವೀಜಿಗೆ ಅಲೆಯದೆ ವೈದ್ಯರಿಗೆ ತೋರಿಸಿ. ಮಾನಸಿಕ ಆರೋಗ್ಯದ ಸಲಹೆಗಾಗಿ 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ಸಹಾಯವಾಣಿ 14416 ಇದೆ.

ಉತ್ತರ ತಿಳಿದಿದ್ದೂ ಬಾಯಿ ತೆರೆಯದ ಮಕ್ಕಳು ಬೆಳಗಾವಿಯಲ್ಲೂ ಇದ್ದಾರೆ, ಖಾನಾಪುರದಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಹೀಗೆಯೇ ಸದ್ದಿಲ್ಲದೆ ಶಾಲೆಯನ್ನೂ ಬಿಟ್ಟುಬಿಡುತ್ತಾರೆ. ಇಂದು ರಾತ್ರಿ ಊಟಕ್ಕೆ ಕೂತಾಗ ಅಂಕಗಳನ್ನು ಬದಿಗಿಟ್ಟು, ಇವತ್ತು ಯಾರ ಜೊತೆ ಬುತ್ತಿ ತಿಂದೆ ಎಂದು ನಿಮ್ಮ ಮಗುವನ್ನು ಕೇಳಿ. ಉತ್ತರ ಬರುವವರೆಗೆ ಸಹನೆಯಿಂದ ಕಾಯಿರಿ.